ಏಸಿಗೆ ಸಿಹಿನೀರು

ರಾಯಚೂರಿನ ಅಮರೇಗೌಡ ಕರೆಂಟು ಉಳಿಯಲಿ ಎಂದು ಏಸಿಯ ಹೊರಗಿನ ಪೆಟ್ಟಿಗೆಗೆ ನೀರು ಚಿಮುಕಿಸಿ ತಂಪಾಗಿಡುವ ಯಂತ್ರ ಹಾಕಿಸಿದ. ಬೋರಿನ ಉಪ್ಪುನೀರಿಗೆ ಪೆಟ್ಟಿಗೆ ಕೆಡುತ್ತದೆ. ಮನೆಯ ನಲ್ಲಿಗೆ ಬರುವ ಸಿಹಿನೀರೇ ಬೇಕು.

ಕೆಲಸದ ಹುಲಿಗೆಮ್ಮ ಮಕ್ಕಳಿಗೆ ಕುಡಿಯಲು ದಿನಾ ಅದೇ ನಲ್ಲಿಯಿಂದ ಒಂದು ಕೊಡ ಒಯ್ಯುತ್ತಿದ್ದಳು.

"ನಿನ್ನ ಕೊಡ ಬಂದ್. ಸಿಹಿನೀರೆಲ್ಲ ಏಸಿಗೆ. ಬ್ಯಾರೆ ಯಾರಿಗೂ ಒಂದು ಹನಿ ಇಲ್ಲ," ಅಂದ ಗೌಡ.

ಆಕೆ ಖಾಲಿ ಕೊಡ ಎತ್ತಿಕೊಂಡಳು. "ಆತ್ರೀ ಗೌಡ್ರ," ಅಂದಳು ಅಷ್ಟೇ.

ಮರುದಿನ ಗೌಡನ ಬೀಗರು ಬಂದರು. ಹುಲಿಗೆಮ್ಮ ಪದ್ಧತಿಯಂತೆ ಬೆಲ್ಲ, ನೀರು ಕೊಟ್ಟಳು. ಬೀಗರು ಒಂದು ಗುಟುಕು ಕುಡಿದು ಥೂ ಎಂದು ಉಗುಳಿದರು.

ಗೌಡ ಬೆಚ್ಚಿಬಿದ್ದ. "ಬೀಗರಿಗೆ ಬೋರಿನ ನೀರೇನ?"

"ಸಿಹಿನೀರು ಏಸಿ ಕುಡೀತದ್ರೀ. ಬ್ಯಾರೆ ಯಾರಿಗೂ ಇಲ್ಲ ಅಂದವ್ರು ನೀವ ಅಲ್ರೀ?"

ಬೀಗರು ಕಿಟಕಿಯಾಚೆ ತುಂತುರು ನೋಡಿದರು. "ಹೊರಗ ಕುಂತ ಬೀಗರಿಗೆ ಉಪಚಾರ ಜೋರದ ಬಿಡ್ರೀ!"

ಗೌಡ ಎದ್ದು ಹೋಗಿ ತಾನೇ ಯಂತ್ರದ ಪೈಪು ಕಿತ್ತ.

"ಬೀಗರಿಗೆ ಒಂದು ತಂಬಿಗಿ ತಾ," ಅಂದ. "ಆಮ್ಯಾಲ ನಿನ್ನ ಕೊಡ ತುಂಬ್ಕೊ."