ಊಟಕ್ಕೆ ಕೂತ ಮರದ ಗೊಂಬೆ

“ಎಲ್ಲ ಹಸಿರಾಗಿದೆಯಲ್ಲ ಮೇಷ್ಟ್ರೇ, ಇನ್ನೂ ಯಾಕೆ ತಡೆದಿದ್ದೀರಿ?” ಎಂದು ಶಿವಲೀಲಾ ಕೇಳಿದಳು.

ಮರುಳಸಿದ್ದಯ್ಯ ಮೇಷ್ಟ್ರು ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದವರು. ಈಗ ಅದೇ ಕೋಣೆಯಲ್ಲಿ, ವೆಬ್‌ಸೈಟುಗಳು ಜನರ ಕೈಗೆ ಹೋಗುವ ಮೊದಲು ಅವುಗಳನ್ನು ಪರೀಕ್ಷೆ ಮಾಡುವ ವಿದ್ಯೆ ಕಲಿಸುತ್ತಿದ್ದರು. ಅವರು ಹೂಂ ಎನ್ನದೆ ಶಿಷ್ಯರ ಕೈಯಿಂದ ಯಾವ ಕೆಲಸವೂ ಹೊರಗೆ ಹೋಗುತ್ತಿರಲಿಲ್ಲ.

ಶಿವಲೀಲಾಳ ಕೈಯಲ್ಲಿದ್ದದ್ದು ಹೆಣ್ಣುಮಕ್ಕಳ ಹಾಸ್ಟೆಲೊಂದರ ಅರ್ಜಿಯ ವೆಬ್‌ಸೈಟು. ಮಾರನೆಯ ಬೆಳಿಗ್ಗೆ ಅದು ತೆರೆಯಬೇಕಿತ್ತು. ಮೊದಲು ಅರ್ಜಿ ತಲುಪಿದವರಿಗೆ ಮೊದಲು ಸೀಟು. ಸೀಟು ಸಿಗದ ಹುಡುಗಿ ಕಾಲೇಜು ಬಿಟ್ಟು ಮನೆಯಲ್ಲಿ ಕೂರಬೇಕು. ಮನೆಯಲ್ಲಿ ಕೂತ ಹುಡುಗಿಗೆ ಗಂಡು ಹುಡುಕುವುದಕ್ಕೆ ಊರಿಗೆ ಊರೇ ಟೊಂಕ ಕಟ್ಟಿ ನಿಲ್ಲುತ್ತದೆ. ಹಾಸ್ಟೆಲ್ ಹುಡುಕಿಕೊಡಲು ಮಾತ್ರ ಯಾರಿಗೂ ಪುರುಸೊತ್ತಿರುವುದಿಲ್ಲ.

ಶಿವಲೀಲಾ ಪರೀಕ್ಷೆಯನ್ನು ತನ್ನ ಕೈಯಾರೆ ಮಾಡುತ್ತಿರಲಿಲ್ಲ. ಕಂಪ್ಯೂಟರಿಗೇ ಪಾಠ ಹೇಳಿಟ್ಟಿದ್ದಳು. ಅದು ತಾನೇ ಬ್ರೌಸರ್ ತೆರೆಯುತ್ತಿತ್ತು, ತಾನೇ ಹೆಸರು ಬರೆಯುತ್ತಿತ್ತು, ತಾನೇ ಗುಂಡಿ ಒತ್ತುತ್ತಿತ್ತು. ಕಣ್ಣಿಗೆ ಕಾಣದ ಹುಡುಗಿಯೊಬ್ಬಳು ಕೂತು ಅರ್ಜಿ ತುಂಬಿದ ಹಾಗೆ. ಕೊನೆಗೆ ‘ಅರ್ಜಿ ತಲುಪಿದೆ’ ಎಂಬ ಮಾತು ಪರದೆಯ ಮೇಲೆ ಬಂದರೆ ಹಸಿರು, ಬಾರದಿದ್ದರೆ ಕೆಂಪು.

ಒಂದು ಹಂತ ಮಾತ್ರ ಅವಳನ್ನು ಗೋಳು ಹೊಯ್ದುಕೊಂಡಿತ್ತು. ಅದು ಫೋಟೊ ಹಾಕುವ ಹಂತ. ಅಲ್ಲಿಗೆ ಬಂದಾಗ ಪುಟ ಒಮ್ಮೊಮ್ಮೆ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು, ಬಣ್ಣ ಕೆಂಪಾಗುತ್ತಿತ್ತು. ನೆಟ್ ನಿಧಾನ ಎಂದುಕೊಂಡಳು. ಕಂಪ್ಯೂಟರ್ ಹಳೆಯದು ಎಂದುಕೊಂಡಳು. ಕೊನೆಗೆ, ಪರೀಕ್ಷೆ ನಡೆಯುವಾಗ ಮಾತ್ರ ಫೋಟೊ ಕೇಳಬೇಡ ಎಂದು ಪುಟಕ್ಕೇ ಹೇಳಿಕೊಟ್ಟಳು. ಆಮೇಲೆ ಎಲ್ಲವೂ ಗರಿಕೆಯ ಹಾಗೆ ಹಸಿರು. ಇದನ್ನು ಮೇಷ್ಟ್ರಿಗೆ ಹೇಳಿರಲಿಲ್ಲ. ಅವರು ಕೇಳಿರಲಿಲ್ಲವಲ್ಲ.

ಮೇಷ್ಟ್ರು ಪರದೆ ನೋಡಿದರು. ಇದು ಮೊನ್ನೆಯವರೆಗೆ ಆಗಾಗ ಕೆಂಪಾಗುತ್ತಿತ್ತಲ್ಲ ಎಂದರು. ಈಗ ಆಗುವುದಿಲ್ಲ ಎಂದು ಶಿವಲೀಲಾ ಥಟ್ಟನೆ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕತೆ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ತಾಯಿ ಸಾಯುವ ಮುಂಚೆ ಅವನಿಂದ ಭಾಷೆ ತೆಗೆದುಕೊಂಡಿದ್ದಳು. ಗುಡ್ಡದ ದಾರಿಯಲ್ಲಿ ಒಂದು ಛತ್ರ ಕಟ್ಟಿಸಬೇಕು, ಆ ದಾರಿಯಲ್ಲಿ ಹೋಗುವವರು ಯಾರೂ ಹಸಿದುಕೊಂಡು ಹೋಗಬಾರದು. ವ್ಯಾಪಾರಿ ಛತ್ರ ಕಟ್ಟಿಸಿದ. ಅಡುಗೆಯವನನ್ನು ಇಟ್ಟ. ಅಕ್ಕಿ ಬೇಳೆ ತಪ್ಪದೆ ಕಳಿಸಿದ. ಛತ್ರದಲ್ಲಿ ಊಟವಾಯಿತು ಎಂದು ತಿಳಿಯುವ ತನಕ ತಾನೂ ಅನ್ನ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತ.

ತೊಂದರೆ ಬಂದದ್ದು ಆ ತಿಳಿಯುವುದರಲ್ಲೇ. ಛತ್ರ ಗುಡ್ಡದ ಮೇಲೆ, ಅಂಗಡಿ ಊರಿನಲ್ಲಿ. ದಿನಾ ಹತ್ತಿ ಇಳಿಯುತ್ತಿದ್ದರೆ ವ್ಯಾಪಾರ ನೋಡುವವರು ಯಾರು? ಆಳನ್ನು ಕಳಿಸೋಣವೆಂದರೆ, ಆಳು ಅಡುಗೆಯವನ ಕೈಯಿಂದ ಒಂದು ಹೋಳಿಗೆ ತಿಂದು ಬಂದು ಎಲ್ಲ ಸರಿಯಾಗಿದೆ ಎನ್ನುತ್ತಾನೆ. ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸುಂಕದ ಕಟ್ಟೆಯವನಿಗೆ ಅವನೂ ಹೋಳಿಗೆ ತಿನ್ನಿಸಿದವನೇ.

ಆಗ ಒಬ್ಬ ಬಡಗಿ ಬಂದ. ಹೋಳಿಗೆ ತಿನ್ನದ ಆಳೊಂದನ್ನು ಮಾಡಿಕೊಡುತ್ತೇನೆ ಎಂದ. ಮಾಡಿಯೂ ಕೊಟ್ಟ.

ಅದು ಕೀಲಿ ಕೊಟ್ಟರೆ ನಡೆಯುವ ಮರದ ಗೊಂಬೆ. ಮಧ್ಯಾಹ್ನ ಛತ್ರದ ಬಾಗಿಲಿನಿಂದ ಒಳಗೆ ಬರುತ್ತಿತ್ತು. ಎಲೆ ಹಾಸಿದ್ದರೆ ಕೂರುತ್ತಿತ್ತು. ಕೈಯನ್ನು ಎಲೆಗೂ ಬಾಯಿಗೂ ಆಡಿಸಿ, ಎದ್ದು ಹೋಗಿ ಒಂದು ಹಗ್ಗ ಎಳೆಯುತ್ತಿತ್ತು. ಆಗ ಛತ್ರದ ನೆತ್ತಿಯ ಮೇಲೆ ಹಸಿರು ಬಾವುಟ ಏರುತ್ತಿತ್ತು. ನಡುವೆ ಎಲ್ಲಾದರೂ ಎಡವಿ ಬಿದ್ದರೆ ಕೆಂಪು ಬಾವುಟ. ವ್ಯಾಪಾರಿ ಅಂಗಡಿಯಲ್ಲೇ ಕೂತು ಕತ್ತೆತ್ತಿ ನೋಡುತ್ತಿದ್ದ. ಹಸಿರು ಕಂಡರೆ ತಾಯಿಗೆ ಮನಸ್ಸಿನಲ್ಲೇ ಕೈಮುಗಿದು ಊಟಕ್ಕೆ ಏಳುತ್ತಿದ್ದ.

ಅಡುಗೆಯವನು ಒಳ್ಳೆಯವನು. ಅವನ ಸಾರಿನ ಆಸೆಗೆ ಜನ ಸುತ್ತು ಹಾದಿಯಾದರೂ ಆ ಗುಡ್ಡ ಹತ್ತಿ ಬರುತ್ತಿದ್ದರು. ಒಂದು ದಿನ ಗೊಂಬೆ ನೆಲಕ್ಕೆ ಬಿದ್ದಿದ್ದ ಅನ್ನದ ಅಗುಳು ತುಳಿಯಿತು. ಅಗುಳು ಕಾಲಿಗೆ ಅಂಟಿತು. ಗೊಂಬೆ ಜಾರಿ ಬೋರಲು ಬಿತ್ತು. ಬಾವುಟ ಕೆಂಪಾಯಿತು. ವ್ಯಾಪಾರಿ ಆ ದಿನ ಉಪವಾಸ. ಹೊಟ್ಟೆ ಹಸಿದವನು ಆಳಿನ ಕೈಯಲ್ಲಿ ಏನೇನು ಹೇಳಿ ಕಳಿಸಿದ ಎಂಬುದನ್ನು ಮೇಷ್ಟ್ರು ಶಿಷ್ಯೆಯ ಎದುರು ಹೇಳಲಿಲ್ಲ. ಇನ್ನೊಮ್ಮೆ ಕೆಂಪು ಕಂಡರೆ ನೀನು ಸೌಟು ಕೆಳಗಿಟ್ಟು ಹೊರಡು ಎಂಬ ಮಾತು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನದಾಗಿತ್ತು.

ಅಡುಗೆಯವನು ಅವತ್ತೇ ನೆಲವೆಲ್ಲ ಗುಡಿಸಿದ. ಯಾರೂ ಅಗುಳು ಚೆಲ್ಲಬಾರದು ಎಂದು ಸಾರಿದ. ಮಕ್ಕಳು ಚೆಲ್ಲದೆ ಉಂಡದ್ದನ್ನು ಯಾವ ತಾಯಿ ಕಂಡಿದ್ದಾಳೆ? ಮಕ್ಕಳನ್ನು ಹೊರಗೆ ಕೂರಿಸಿದ. ಮಕ್ಕಳು ಹೊರಗೆ ಕೂತರೆ ತಾಯಂದಿರು ಒಳಗೆ ಉಣ್ಣುತ್ತಾರೆಯೇ? ಅವರೂ ಹೊರಗೆ ಹೋದರು. ಸದ್ಯ, ಸದ್ದಾದರೂ ಕಡಿಮೆಯಾಯಿತು ಎಂದು ಅಡುಗೆಯವನು ಸಮಾಧಾನಪಟ್ಟುಕೊಂಡ.

ಇನ್ನೊಂದು ದಿನ ಮುದುಕನೊಬ್ಬ ಕಾಲು ನೋವೆಂದು ಊಟದ ಸಾಲಿನ ನಡುದಾರಿಯಲ್ಲಿ ಕಾಲು ಚಾಚಿದ್ದ. ಗೊಂಬೆ ಅವನ ಮೇಲೆ ಬೀಳುವುದರಲ್ಲಿತ್ತು. ಅವತ್ತಿನಿಂದ ಗೊಂಬೆಯ ಊಟ ಮುಗಿಯುವ ತನಕ ಎಲ್ಲರೂ ಬಾಗಿಲಾಚೆ ಕಾಯಬೇಕೆಂದು ಕಟ್ಟಳೆಯಾಯಿತು. ಆಮೇಲೆ ಸಾರು. ಹಿಂದಿನ ದಿನದ ಸಾರು ಕಲ್ಲಿನ ಸಂದಿಯಲ್ಲಿ ನಿಂತು, ಗೊಂಬೆಯ ಕಾಲು ಅದನ್ನು ಕುಡಿದು ಬಾಣಂತಿಯ ಕಾಲಿನ ಹಾಗೆ ಊದಿಕೊಂಡಿತು. ಸಾರು ಬಡಿಸುವುದು ನಿಂತಿತು. ಎಷ್ಟು ಗುಡಿಸಿದರೂ ಎಲ್ಲೋ ಒಂದು ಅಗುಳು ಉಳಿಯುತ್ತಿತ್ತು. ಅನ್ನವೂ ನಿಂತಿತು. ಅಡುಗೆಯವನು ಕೆಂಪಿಗೆ ಕಾರಣವಾದದ್ದನ್ನು ಒಂದೊಂದಾಗಿ ಹುಡುಕಿ ತೆಗೆಯುತ್ತಾ ಹೋದ. ಹುಡುಕಿದಾಗೆಲ್ಲ ತಪ್ಪು ಊಟದ್ದೇ ಆಗಿರುತ್ತಿತ್ತು, ಇಲ್ಲವೇ ಉಣ್ಣುವವರದು.

ಎಲೆಯನ್ನು ಮಾತ್ರ ತೆಗೆಯಲಿಲ್ಲ. ಎಲೆ ಇಲ್ಲದಿದ್ದರೆ ಗೊಂಬೆ ಕೂರುವುದಿಲ್ಲವಲ್ಲ.

ಒಲೆಯಲ್ಲಿ ಬೆಕ್ಕು ಮಲಗಿತು. ಮೂಟೆಯಲ್ಲಿದ್ದ ಅಕ್ಕಿಗೆ ಹುಳ ಬಿತ್ತು. ಅಡುಗೆಯವನು ಅದರಲ್ಲಿ ಒಂದು ಹಿಡಿಯನ್ನೂ ಮನೆಗೆ ಒಯ್ಯಲಿಲ್ಲ, ಅಷ್ಟು ನಿಯತ್ತಿನವನು. ಬಾವುಟ ದಿನವೂ ಹಸಿರಾಗಿ ಹಾರಿತು. ವ್ಯಾಪಾರಿ ಹಿಗ್ಗಿ ಅವನಿಗೊಂದು ಶಾಲು ಕಳಿಸಿಕೊಟ್ಟ. ಹೊಟ್ಟೆ ತುಂಬ ಉಂಡು ತಾನೂ ಸ್ವಲ್ಪ ದಪ್ಪಗಾದ.

ತಾಯಿ ತೀರಿಕೊಂಡ ದಿನ ಬಂತು. ಈ ಸಲ ಅವಳ ಹೆಸರಿನ ಛತ್ರದಲ್ಲೇ, ದಾರಿಹೋಕರ ಸಾಲಿನಲ್ಲೇ ಕೂತು ಉಣ್ಣಬೇಕೆಂದು ವ್ಯಾಪಾರಿಗೆ ಮನಸ್ಸಾಯಿತು. ಬರಿಗಾಲಿನಲ್ಲಿ, ಬರಿಹೊಟ್ಟೆಯಲ್ಲಿ ಗುಡ್ಡ ಹತ್ತಿದ. ಬಾಗಿಲಲ್ಲಿ ಛತ್ರದ ಆಳುಗಳು ಅವನನ್ನು ತಡೆದರು. ಗೊಂಬೆ ಉಣ್ಣುತ್ತಿದೆ, ಕಾಯಬೇಕು ಎಂದರು. ನನ್ನ ಛತ್ರದಲ್ಲಿ ಎಂಥ ಶಿಸ್ತು ಎಂದು ಅವನಿಗೆ ಹೆಮ್ಮೆಯೇ ಆಯಿತು. ತಲೆಯ ಮೇಲೆ ಹಸಿರು ಬಾವುಟ ಏರಿತು. ಎಲ್ಲರನ್ನೂ ಒಳಗೆ ಬಿಟ್ಟರು.

ಸಾಲಾಗಿ ಎಲೆ ಹಾಸಿದರು. ವ್ಯಾಪಾರಿ ಎಲೆಗೆ ನೀರು ಚಿಮುಕಿಸಿ, ತಾಯಿಯನ್ನು ನೆನೆದು, ಕಾದ. ಯಾರೂ ಏನನ್ನೂ ತರಲಿಲ್ಲ. ಕಾದು ಕಾದು ಅಡುಗೆಯವನನ್ನು ಕರೆದ. ಅವನು ಶಾಲು ಹೊದ್ದುಕೊಂಡೇ ಬಂದ.

“ಅನ್ನ ಎಲ್ಲಯ್ಯಾ?” ಎಂದ ವ್ಯಾಪಾರಿ.

“ಅನ್ನ ಬಡಿಸಿದರೆ ಬಾವುಟ ಕೆಂಪಾಗುತ್ತದೆ ಧಣಿ,” ಎಂದ ಅಡುಗೆಯವನು.

ವ್ಯಾಪಾರಿ ಎದ್ದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದ. ಬಾವುಟ ಚೆನ್ನಾಗಿಯೇ ಹಾರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕಿ, ಇವನು ಯಾರೆಂದು ತಿಳಿಯದವಳು, ಬರಿ ಎಲೆಯನ್ನು ನೀಟಾಗಿ ಮಡಚಿ ಎದ್ದಳು. ಎಲೆ ಚೆನ್ನಾಗಿತ್ತಪ್ಪ, ಒಳ್ಳೇ ಅಗಲವಾಗಿತ್ತು ಎಂದು ಅವನಿಗೇ ಹೇಳಿ, ಕೋಲು ಊರಿಕೊಂಡು ಗುಡ್ಡ ಇಳಿದಳು. ಅವಳ ವಯಸ್ಸು ಅವನ ತಾಯಿಯದೇ ಇದ್ದೀತು. ಹಸಿದುಕೊಂಡೇ ಹೋದಳು.

ಮೇಷ್ಟ್ರು ಕತೆ ನಿಲ್ಲಿಸಿದರು.

ಶಿವಲೀಲಾಳಿಗೆ ನಗು ತಡೆಯಲಾಗಲಿಲ್ಲ. ಶಾಲು ಹೊದ್ದ ಅಡುಗೆಯವನನ್ನು ನೆನೆದು ನಕ್ಕಳು, ಸಾರು ಕುಡಿದ ಮರದ ಕಾಲನ್ನು ನೆನೆದು ಮತ್ತೆ ನಕ್ಕಳು. ಇಷ್ಟು ದೊಡ್ಡ ದಡ್ಡನನ್ನು ಎಲ್ಲಿಂದ ಹಿಡಿದು ತಂದಿರಿ ಎಂದಳು. ಆ ಗೊಂಬೆಯನ್ನು ಅದೇ ಒಲೆಗೆ ಇಟ್ಟು ಅನ್ನ ಮಾಡಬೇಕಿತ್ತು, ಬೆಕ್ಕಿಗಾದರೂ ಎಚ್ಚರವಾಗುತ್ತಿತ್ತು ಎಂದಳು. ಗೊಂಬೆ ಇರಲಿ, ಅದರದೇನೂ ತಪ್ಪಿಲ್ಲ ಎಂದರು ಮೇಷ್ಟ್ರು. ಕನ್ನಡಕ ಹಾಕಿಕೊಂಡು ಅವಳ ಹಸಿರು ಪರದೆಯ ಕಡೆ ಇನ್ನೊಮ್ಮೆ ತಿರುಗಿದರು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಇನ್ನೂ ನಗುತ್ತಲೇ ಇದ್ದಳು.

“ನಿನ್ನ ಗೊಂಬೆಯ ಕಾಲಿಗೆ ಅಂಟಿದ್ದ ಅಗುಳು ಯಾವುದು ತಾಯಿ?”

ಶಿವಲೀಲಾ ಸೆರಗು ಬಿಟ್ಟು, ಫೋಟೊ ಕೇಳಬೇಡ ಎಂದು ಪುಟಕ್ಕೆ ಹೇಳಿಕೊಟ್ಟಿದ್ದ ಸಾಲನ್ನು ಪರದೆಯ ಮೇಲೆ ತೆರೆದಳು.