ಒಲೆಯ ಮುಂದಿನ ಗಾದೆ

ಅನ್ನವಾಗಿ ಬರುವವನೂ ಹಸಿವಾಗಿ ಬರುವವನೂ ಒಬ್ಬನೇ. ಆ ಶಿವನಿಗೆ ಶರಣು.

ತುಂಗಭದ್ರೆಯ ದಡದಲ್ಲೊಂದು ಸಣ್ಣ ಮಠ. ಅಲ್ಲಿ ಮರುಳಾರಾಧ್ಯರೆಂಬ ವೃದ್ಧ ಗುರುಗಳು. ದಾಸೋಹದ ಅಡುಗೆ ಶಿಷ್ಯ ಕೊಟ್ರಯ್ಯನದು.

ಅಂದು ಹುಣ್ಣಿಮೆ. ಬಂದವರಿಗೆಲ್ಲ ಬಡಿಸಿ ಬಡಿಸಿ ಕೊಟ್ರಯ್ಯನ ಸೊಂಟ ಬಿದ್ದುಹೋಗಿತ್ತು. ಪಾತ್ರೆ ತೊಳೆದು ಬೋರಲು ಹಾಕಿದ. ಬೋರಲು ಹಾಕಿದ ಪಾತ್ರೆಯನ್ನು ಸಂಜೆಯ ಪೂಜೆಯಾಗುವವರೆಗೆ ಎತ್ತಬಾರದೆಂಬುದು ಆ ಮಠದ ಕಟ್ಟಳೆ.

ಆಗ ಒಬ್ಬ ಮುದುಕ ಬಂದ. ಕಂಕುಳಲ್ಲಿ ಗಂಟು ಹಿಡಿದ ತುಂಬು ಬಸುರಿ ಮಗಳನ್ನು ತವರಿಗೆ ಕರೆದೊಯ್ಯುತ್ತಿದ್ದ. ಬೆಳಗಿನಿಂದ ಅವಳ ಹೊಟ್ಟೆಗೇನೂ ಬಿದ್ದಿಲ್ಲ, ಒಂದು ತುತ್ತು ಸಿಕ್ಕೀತೇ ಎಂದು ಕೇಳಿದ.

ಕೊಟ್ರಯ್ಯ ಕೂತಲ್ಲಿಂದಲೇ, ಸಂಜೆಗೆ ಪ್ರಸಾದವಿದೆ ಎಂದ. “ತಾಳಿದವನು ಬಾಳಿಯಾನು, ಯಜಮಾನ.”

“ನಮ್ಮಪ್ಪನೂ ಇದನ್ನೇ ಹೇಳ್ತಿದ್ದ ಬಿಡ್ರಿ. ಆದ್ರೆ ಹೊಟ್ಟೆಯೊಳಗಿನ ಕೂಸಿಗೆ ಗಾದೆ ತಿಳಿಯಂಗಿಲ್ಲ,” ಎಂದು ಮುದುಕ ಮಗಳ ಕೈ ಹಿಡಿದು ದೋಣಿಯ ಕಡೆಗೆ ಇಳಿದ.

ಜಗಲಿಯಲ್ಲಿ ಒರಗಿದ್ದ ಗುರುಗಳು ಕಣ್ಣು ತೆರೆದರು.

“ಯಾರು ಕಲಿಸಿದ ಮಾತದು, ಕೊಟ್ರಯ್ಯ?”

“ನಮ್ಮವ್ವ, ಬುದ್ಧಿ. ಅವಳ ಮಾತು ಸುಳ್ಳಾದೀತೆ?”

“ಸುಳ್ಳಲ್ಲ. ಯಾವಾಗ ಹೇಳುತ್ತಿದ್ದಳು?”

“ನಾನು ಹಸಿವೆಂದು ಅತ್ತಾಗ.”

“ಎಲ್ಲಿ ಕೂತು?”

ಕೊಟ್ರಯ್ಯ ನೆನಪು ಮಾಡಿಕೊಂಡ. “ಒಲೆಯ ಮುಂದೆ. ಹಸಿ ಕಟ್ಟಿಗೆ, ಹೊತ್ತುತ್ತಿರಲಿಲ್ಲ. ಕೊಳವೆಯಲ್ಲಿ ಊದುವಳು, ಕೆಮ್ಮುವಳು. ನಡುನಡುವೆ ಆ ಮಾತು...”

ಅವನು ತಿರುಗಿ ಅಡುಗೆಮನೆಯ ಆರಿದ ಒಲೆಯತ್ತ ನೋಡಿದ.

ಗುರುಗಳು ಗೋಡೆ ಹಿಡಿದು ಮೆಲ್ಲನೆ ಎದ್ದರು. ಮಂಡಿ ನೋವಿಗೆ ‘ಶಿವ ಶಿವಾ’ ಎಂದುಕೊಳ್ಳುತ್ತ ಅಡುಗೆಮನೆಗೆ ಹೋಗಿ, ಬೋರಲಿದ್ದ ಪಾತ್ರೆಯೊಂದನ್ನು ಎತ್ತಿ ನೆಟ್ಟಗೆ ಇಟ್ಟರು.

“ಬುದ್ಧಿ, ಕಟ್ಟಳೆ...”

“ಕಟ್ಟಳೆ ಮಾಡಿದವನು ನಾನೇ ಕಣಪ್ಪ. ಆವತ್ತು ನಾನೂ ನಿನ್ನ ಹಾಗೇ ದಣಿದಿದ್ದೆ.”

ಕೊಟ್ರಯ್ಯ ಎದ್ದು ಹೊಳೆಯ ಕಡೆ ನೋಡಿದ. ದೋಣಿ ಇನ್ನೂ ಬಿಟ್ಟಿರಲಿಲ್ಲ. ಅವರನ್ನು ಕರೆತರಲು ಹೊರಟವನು ಹೊಸ್ತಿಲಲ್ಲಿ ನಿಂತು, ಹೋಗಿ ಅವರಿಗೆ ಏನು ಹೇಳಲಿ ಎಂದು ಕೇಳಿದ.

ಗುರುಗಳು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೂದಿ ಕೆದಕುತ್ತಿದ್ದರು.

“ಏನೂ ಹೇಳಬೇಡ. ಆ ಬಸುರಿ ತಾಯಿಯ ಗಂಟು ಇಸಕೊಂಡು ಇತ್ತ ಮುಂದೆ ನಡೆ. ಅಷ್ಟರಲ್ಲಿ ನಾನು ಬೆಂಕಿ ಮಾಡಿರುತ್ತೇನೆ.”

ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ಹೊತ್ತಿಗೊಂದು ತುತ್ತು, ಬಂದವರಿಗೊಂದು ಪಾಲು ಇರಲಿ. ಶಿವನು ಕಾಯಲಿ.