ಸಿಂಗ್ರ ಬೆಲ್ಲ ಕಾಯಿಸೋದು ಕಲಿತದ್ದು

ಕಬ್ಬಿನ ಸೀಮೆಯ ಒಂದೂರಲ್ಲಿ ತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಸಿಂಗ್ರ. ಮೈ ಬೆಳೆದಿತ್ತು, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಹೇಳಿದ ಮಾತು ಬಿಟ್ಟು ಅತ್ತಿತ್ತ ಹೋಗುತ್ತಿರಲಿಲ್ಲ. ಕೋಳಿಗೆ ರಾಗಿ ಹಾಕು ಅಂದರೆ ಹಾಕುತ್ತಲೇ ಇರೋನು. ಸಾಕು ಅಂತ ಅವ್ವ ಹೇಳಿರಲಿಲ್ಲವಲ್ಲ!

ತಾನು ಕಣ್ಣು ಮುಚ್ಚಿದರೆ ಇವನ ಗತಿ ಏನು ಅಂತ ತಾಯಮ್ಮನಿಗೆ ದಿನಾ ಅದೇ ಯೋಚನೆ. ಅವಳ ಅಣ್ಣ ದ್ಯಾವಣ್ಣ ಪಟೇಲರ ಆಲೆಮನೆಯಲ್ಲಿ ಬೆಲ್ಲ ಕಾಯಿಸೋನು. ಅವನಿಗೂ ವಯಸ್ಸಾಗಿತ್ತು. ಮಗನನ್ನು ಕರೆದುಕೊಂಡು ಹೋಗಿ, ನಿನ್ನ ಕೆಲಸ ಇವನಿಗೆ ಕಲಿಸಿಬಿಡು ಅಂತ ಬೇಡಿಕೊಂಡಳು. ದ್ಯಾವಣ್ಣ ಒಪ್ಪಿದ.

ಮೊದಲನೇ ದಿನ ದ್ಯಾವಣ್ಣ ಸಿಂಗ್ರನನ್ನ ಕೊಪ್ಪರಿಗೆ ಮುಂದೆ ಕೂರಿಸಿ, ಕುದಿಯೋ ಕಬ್ಬಿನ ಹಾಲಿನ ಮೇಲಿಂದ ಕಣ್ಣು ತೆಗೀಬೇಡ ಅಂತ ಹೇಳಿ ಊಟಕ್ಕೆ ಹೋದ. ಬಂದು ನೋಡಿದರೆ ಹಾಲು ಉಕ್ಕಿ ಒಲೆಗೆ ಸುರಿದು, ಮಿಕ್ಕಿದ್ದು ತಳ ಹಿಡಿದು, ಹೊಗೆ ಸೂರು ಮುಟ್ಟಿತ್ತು. ಸಿಂಗ್ರ ಕಣ್ಣು ಮಿಟುಕಿಸದೆ ನೋಡುತ್ತಾ ಕೂತಿದ್ದ.

"ನೋಡ್ತಿರು ಅಂದಿದ್ನಲ್ಲೋ!"

"ಎಲ್ಲಾ ನೋಡಿದೆ ಮಾವ. ಉಕ್ಕಿದ್ದೂ ನೋಡಿದೆ, ಸೀದಿದ್ದೂ ನೋಡಿದೆ."

ದ್ಯಾವಣ್ಣ ಚೆನ್ನಾಗಿ ಬೈದ. ನೋಡಿದರೆ ಸಾಲದು, ಉಕ್ಕಿದರೆ ಓಡಿ ಬಂದು ನನ್ನ ಕರಿ ಅಂದ.

ಮಾರನೇ ದಿನ ಬೆಳಿಗ್ಗೆ ಮನೆಯಲ್ಲಿ ಒಲೆ ಮೇಲೆ ಎಮ್ಮೆ ಹಾಲು ಉಕ್ಕಿತು. ಸಿಂಗ್ರ ಮನೆಯಿಂದ ಓಡಿದ. ಕೇರಿ ದಾಟಿ, ಗದ್ದೆ ದಾಟಿ, ಕಾಲುವೆ ದಾಟಿ ಆಲೆಮನೆಗೆ ಹೋಗಿ ಮಾವನನ್ನ ಕರೆದುಕೊಂಡು ಬಂದ. ಅಷ್ಟರಲ್ಲಿ ಪಾತ್ರೆಯೂ ಖಾಲಿ, ಒಲೆಯೂ ತಣ್ಣಗೆ. ಈಗ ಬೈಯೋ ಸರದಿ ತಾಯಮ್ಮನದು. ಏನೇ ಉಕ್ಕಲಿ, ಯಾರನ್ನೂ ಕರೆಯೋಕೆ ಹೋಗಬೇಡ, ನೀನೇ ತಣ್ಣೀರು ಹಾಕು ಅಂದಳು.

ಒಂದು ಕೊಪ್ಪರಿಗೆ ಸೀದ ಸುದ್ದಿ ಪಟೇಲರ ಕಿವಿಗೂ ಬಿದ್ದಿತ್ತು. ಅವತ್ತು ಮಧ್ಯಾಹ್ನ ಆಲೆಮನೆಗೆ ಬಂದರು. ಬಂದವರು ಸಿಂಗ್ರನನ್ನ ನೋಡಿ, "ಇವನ ಮಖ ಕಂಡ್ರೆ ನಂಗೆ ಸಿಟ್ಟು ಉಕ್ಕಿ ಬತ್ತದೆ" ಅಂದರು.

ಸಿಂಗ್ರ ಒಂದು ಕೊಡ ತಣ್ಣೀರು ತಂದು ಅವರ ತಲೆ ಮೇಲೆ ಸುರಿದ.

ಪಟೇಲರು ಒದ್ದೆ ರುಮಾಲು ಹಿಂಡುತ್ತಾ ದ್ಯಾವಣ್ಣನಿಗೆ ಒಂದೇ ಮಾತು ಹೇಳಿದರು. ಈ ಸಲದ ಕಬ್ಬು ಮುಗಿಯೋದರೊಳಗೆ ಇವನು ಕಲಿಯಬೇಕು, ಇಲ್ಲದಿದ್ದರೆ ಮಾವ ಅಳಿಯ ಇಬ್ಬರೂ ಹೊರಗೆ.

ಅವತ್ತು ದ್ಯಾವಣ್ಣ ಬೈಯಲಿಲ್ಲ. ಬೀಡಿ ಹಚ್ಚಿ ಕೂತ. ತಾನು ಹೇಳಿದ್ದನ್ನ ಇವನು ಒಂದನ್ನೂ ಬಿಟ್ಟಿಲ್ಲ, ಆದರೂ ಒಂದೂ ಇವನ ಒಳಗೆ ಇಳಿದಿಲ್ಲ, ಯಾಕೆ ಅಂತ ಯೋಚನೆ ಮಾಡಿದ. ಮಾರನೇ ದಿನ ಒಂದು ಸಣ್ಣ ಬಾಣಲೆಯಲ್ಲಿ ಕಬ್ಬಿನ ಹಾಲು ಹಾಕಿಕೊಟ್ಟು, ನಿನಗೆ ಸರಿ ಕಂಡಾಗ ಇಳಿಸು ಅಂದ. ಇನ್ನೇನೂ ಹೇಳಲಿಲ್ಲ.

ಸಿಂಗ್ರ ಬೇಗ ಇಳಿಸಿದ. ಅಚ್ಚಿಗೆ ಹುಯ್ದರೆ ಬೆಲ್ಲ ಕಟ್ಟಲಿಲ್ಲ, ಅಂಟಿಕೊಂಡು ಕೂತಿತು. ಇನ್ನೊಂದು ಸಲ ತಡವಾಗಿ ಇಳಿಸಿದ. ಬಾಯಿಗಿಟ್ಟರೆ ಕಹಿ. ಪ್ರತಿ ಸಲವೂ ದ್ಯಾವಣ್ಣ ಯಾಕೆ ಹೀಗಾಯ್ತು ಅಂತ ಕೇಳಿ ಸುಮ್ಮನಾಗೋನು. ಸಿಂಗ್ರ ತಲೆ ಕೆರೆದುಕೊಂಡು ಮತ್ತೆ ಕಾಯಿಸೋನು. ಒಂದು ದಿನ ಪಾಕದ ಹನಿಯನ್ನ ನೀರಿಗೆ ಬಿಟ್ಟು, ಬೆರಳಲ್ಲಿ ತೀಡಿ, ಮೆಲ್ಲಗೆ ಹೇಳಿದ: "ಮಾವ, ಇದರ ಒಳಗೆ ಇನ್ನೂ ನೀರೈತೆ. ಅದು ಹೋಗೋಗಂಟ ಬೆಲ್ಲ ಕಟ್ಟಾಕಿಲ್ಲ. ಎಲ್ಲಾ ಹೋಗೋಗಂಟ ಬಿಟ್ರೆ ಸೀದೋಯ್ತದೆ."

ಯಾರೂ ಹೇಳಿಕೊಡದೆ ಅವನೇ ಕಂಡುಕೊಂಡ ಮೊದಲನೇ ಮಾತು ಅದು. ಅವತ್ತಿನ ಬೆಲ್ಲ ಬಂಗಾರದ ಬಣ್ಣಕ್ಕೆ ಬಂತು. ತಾಯಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪಟೇಲರು ಕೆಲಸ ಸಿಂಗ್ರನಿಗೇ ಅಂದರು.

ದ್ಯಾವಣ್ಣ ಬಿಡುವಾದಾಗ ಅವನನ್ನ ಹತ್ತಿರ ಕೂರಿಸಿಕೊಂಡು ಒಂದು ಬುದ್ಧಿಮಾತು ಹೇಳಿದ. ನಾಳೆ ನಿನ್ನನ್ನೂ ಯಾರಾದರೂ ಕೇಳಿಕೊಂಡು ಬರ್ತಾರೆ. ಬಾಯಲ್ಲಿ ಹೇಳಿಬಿಟ್ಟರೆ ಯಾರಿಗೂ ತಲೆಗೆ ಹತ್ತೋದಿಲ್ಲ. ಅವರು ತಪ್ಪು ಮಾಡಲಿ, ಬಿಡು. ಆಮೇಲೆ ಯಾಕೆ ತಪ್ಪಾಯ್ತು ಅಂತ ಅವರನ್ನೇ ಕೇಳು.

ಸಿಂಗ್ರ ತಲೆಯಾಡಿಸಿದ.

ಮಗ ಕೆಲಸಗಾರನಾದ ಅಂತ ತಾಯಮ್ಮ ಹೆಣ್ಣು ಹುಡುಕಿದಳು. ಗಂಡು ನೋಡೋಕೆ ಹೆಣ್ಣಿನ ಅಪ್ಪ ಚಿಕ್ಕಣ್ಣ ಬೇರೆ ಊರಿಂದ ಹೊರಟು ಬಂದ. ಊರ ಮುಂದೆ ಎದುರಾದ ಸಿಂಗ್ರನನ್ನೇ, ತಾಯಮ್ಮನ ಮನೆಗೆ ಯಾವ ಕಡೆ ಹೋಗಬೇಕಪ್ಪ ಅಂತ ಕೇಳಿದ. ಸಿಂಗ್ರ ಬಾಯಿ ಬಿಡಲಿಲ್ಲ. ಚಿಕ್ಕಣ್ಣ ತನಗೆ ತೋಚಿದ ದಾರಿ ಹಿಡಿದ. ಅದು ತಪ್ಪು ದಾರಿ. ಸಿಂಗ್ರನಿಗೆ ಖುಷಿಯಾಯಿತು, ಹಿಂದೆಯೇ ನಡೆದ. ಗದ್ದೆ ಕೆಸರು ತುಳಿದು, ಮುಳ್ಳುಬೇಲಿ ನುಸುಳಿ, ಬಿಸಿಲಲ್ಲಿ ಸುತ್ತಿ ಸುತ್ತಿ ಚಿಕ್ಕಣ್ಣ ಕೆರೆ ಏರಿ ಮೇಲೆ ಕುಸಿದು ಕೂತ.

ಸಿಂಗ್ರ ಅವನ ಪಕ್ಕ ಕೂತು, ಮಾವ ಕೇಳುತ್ತಿದ್ದ ಹಾಗೇ ನಿಧಾನವಾಗಿ ಕೇಳಿದ: "ಈಗ ಹೇಳಿ, ಯಾಕೆ ತಪ್ಪಾಯ್ತು?"

"ನಿನ್ನ ಕೇಳಿದ್ದೇ ತಪ್ಪಾಯ್ತು ಕಣಪ್ಪ" ಅಂದ ಚಿಕ್ಕಣ್ಣ.

ಸಿಂಗ್ರನ ಮುಖ ಅರಳಿತು. ಭಲೇ, ಬೇಗ ಕಲಿತುಬಿಟ್ಟಿರಿ ಅಂತ ಅವನ ಬೆನ್ನು ತಟ್ಟಿ, ಇಷ್ಟು ಚುರುಕಾದವರು ಮನೆ ದಾರಿಯನ್ನೂ ತಾವೇ ಕಂಡುಕೊಳ್ಳಲಿ ಅಂತ ಅಲ್ಲೇ ಬಿಟ್ಟು, ಅವ್ವ ಯಾರೋ ನೆಂಟರು ಬರ್ತಾರೆ ಅಂದಿದ್ದಳಲ್ಲ, ಅವರು ಕಾಯ್ತಿರಬಾರದು ಅಂತ ಮನೆ ಕಡೆ ಓಡಿದ.